ಹಳೆಯ ಮೋಟಾರು ಸೈಕಲ್ಲಿನ ಮೋಹ

ಕಳೆದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಂಗಳೂರಿನ ಇಬ್ಬರು ತರುಣರು ಸಿರಿಗೆರೆಯ ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ದನದ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ನಮ್ಮ ತಂದೆಯವರ ಯೆಜ್ಡಿ ಮೋಟಾರು ಸೈಕಲ್ಲನ್ನು ಕೊಳ್ಳುವುದು ಅವರ ಅಪೇಕ್ಷೆ. ಅವರು ಹೇಳಿದ ಬೆಲೆಯಾದರೋ, ತಂದೆಯವರು ಹಿಂದೆ ಆ ಗಾಡಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಊರಿನ ಹುಡುಗರು 'ಹೊಗೆಗಾಡಿ' ಎಂದು ನಗುತ್ತಿದ್ದ, ಕಾಲೇಜಿನ ಗೆಳತಿಯರ ಎದುರಿಗೆ ಇಳಿಯಲು ನಾನೇ ನಾಚುತ್ತಿದ್ದ ಆ ಗಾಡಿಗೆ ಇಷ್ಟು ಬೆಲೆ ಏತಕ್ಕೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಯೆಜ್ಡಿಯ ಮೂಲ ಜಾವಾ. 1929ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯಿಂದ ಹಕ್ಕು ಪಡೆದು ಮೋಟಾರು ಸೈಕಲ್ಲುಗಳನ್ನು ಮಾಡತೊಡಗಿದನು. ಎರಡು ಹೆಸರುಗಳ ಮೊದಲ ಭಾಗಗಳು ಕೂಡಿ 'ಯಾವಾ' ಆಯಿತು. ನಮ್ಮವರ ಬಾಯಲ್ಲಿ ಅದೇ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ, ಫಾರೂಖ್ ಇರಾನಿ ಇವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರಿಂದ ಅಲ್ಲಿನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ ಮೇಲೆಯೂ ಗಾಡಿಗಳು ಓಡುತ್ತಲೇ ಇವೆ. ಇದೇ ಸೋಜಿಗ.

ಇದಕ್ಕೆ ಕಾರಣ ಇಂಜಿನ್ನಿನ ರಚನೆಯಲ್ಲಿದೆ. ಇಂದಿನ ಹೆಚ್ಚಿನ ಗಾಡಿಗಳದು ನಾಲ್ಕು ಹೊಡೆತದ ಇಂಜಿನ್ನು; ಅದರ ದಂಡ ಎರಡು ಸುತ್ತು ತಿರುಗಿದರೆ ಪೆಟ್ರೋಲು ಒಂದು ಸಲ ಉರಿಯುತ್ತದೆ. ಯೆಜ್ಡಿಯದು ಎರಡು ಹೊಡೆತದ್ದು; ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ಇದಕ್ಕೆ ವಾಲ್ವುಗಳಿಲ್ಲ, ಬಿಡಿಭಾಗಗಳು ಕಡಿಮೆ. 249 ಸಿ.ಸಿ.ಯ ಒಂದೇ ಸಿಲಿಂಡರು, ಆದರೆ ಹೊಗೆ ಹೋಗಲು ಎರಡು ಕೊಳವೆಗಳು. ಗಾಡಿ ಹೊರಡಿಸುವ ಕಿಕ್ಕೂ ಗೇರು ಹಾಕುವ ಸನ್ನೆಯೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕು, ಮತ್ತೆ ಮುಂದಕ್ಕಿಳಿಸಿದರೆ ಗೇರು. ಬೆಂಗಳೂರಿನವರು ಎಷ್ಟು ಹೊತ್ತು ಹೆಣಗಿದರೂ ಗಾಡಿ ಹೊರಡಲಿಲ್ಲ. ಕಡೆಗೆ ನಾನು ಎದ್ದು ಹೋಗಿ ಎರಡನೆಯ ಒದೆತಕ್ಕೆ ಹೊರಡಿಸಿದೆ.

ಈ ಇಂಜಿನ್ನಿನ ಗುಣವೇ ಅದರ ದೋಷವೂ ಹೌದು. ಒಳಗಿನ ಸವೆತ ತಡೆಯಲು ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಆ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಉರಿಯದ ಪೆಟ್ರೋಲು ಒಂದಿಷ್ಟು ವ್ಯರ್ಥವಾಗಿ ಹೊರಬೀಳುತ್ತದೆ. 1980ರ ದಶಕದಲ್ಲಿ ಜಪಾನಿನ ಸಹಯೋಗದಿಂದ ಒಂದು ಲೀಟರಿಗೆ ಬಹುದೂರ ಓಡುವ 100 ಸಿ.ಸಿ. ಗಾಡಿಗಳು ಬಂದವು, ಹೊಗೆಯ ಕಾನೂನುಗಳೂ ಬಿಗಿಯಾದವು. ಹೊಗೆ ಉಗುಳುವ ಗಾಡಿ ಹಿಂದೆ ಬಿದ್ದುದು ಅನ್ಯಾಯವೆಂದು ನಾನು ಹೇಳಲಾರೆ.

ಆದರೂ ಮೋಹ ಹೋಗಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಹೊಸ ಜಾವಾದಲ್ಲಿ ಹಳೆಯ ಟ್ಯಾಂಕಿನ ಹೊಳಪಿದೆ, ಜೋಡಿ ಕೊಳವೆಗಳಿವೆ; ಒಳಗಿರುವುದು ಮಾತ್ರ ನಾಲ್ಕು ಹೊಡೆತದ, ನೀರಿನಿಂದ ತಣ್ಣಗಾಗುವ ಇಂಜಿನ್ನು. ಇನ್ನು ಕೆಲವರು ತಮ್ಮ ಗಾಡಿಗಳನ್ನೇ ಕೊಯ್ದು ಕೂಡಿಸಿ ಬೇರೆ ರೂಪ ಕೊಡುತ್ತಾರೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮನಬಂದಂತೆ ಮಾರ್ಪಡಿಸುವುದಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಈ ಮೋಹ ಬರಿಯ ರೂಪದ್ದೇ? ಅಲ್ಲವೆಂದು ನನ್ನ ಅಭಿಪ್ರಾಯ. ಹೊಸ ಗಾಡಿ ಕೆಟ್ಟರೆ ಅದರ ರೋಗವನ್ನು ಹೇಳುವುದಕ್ಕೆ ಮತ್ತೊಂದು ಯಂತ್ರವೇ ಬೇಕು. ಹಳೆಯ ಗಾಡಿ ತನ್ನ ರೋಗವನ್ನು ಒಡೆಯನಿಗೇ ಹೇಳುತ್ತದೆ. ನಮ್ಮ ತಂದೆಯವರು ಓದಿದ್ದು ನಾಲ್ಕನೆಯ ತರಗತಿ. ಅವರು ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಎಲ್ಲ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಇಂಜಿನ್ನು ಕಾಯುತ್ತಿದೆ. ಪಾಯಿಂಟಿನ ಸಂದನ್ನು ಹಳೆಯ ಲಗ್ನಪತ್ರಿಕೆಯ ತುಂಡಿನಿಂದ ಅಳೆಯುತ್ತಾರೆ. ನಾನು ಪುಸ್ತಕದಲ್ಲಿ ಕಾರ್ಯಕಾರಣ ಸಂಬಂಧವೆಂದು ಓದುವುದನ್ನು ಅವರು ಬೇವಿನ ಮರದ ಕೆಳಗೆ ಕೂತು ಕೈಯಿಂದ ಮಾಡುತ್ತಿದ್ದರು. ಅದು ವಿದ್ಯೆಯೆಂದು ನನಗೆ ಹೊಳೆದದ್ದು ಬಿ.ಎ. ಕಡೆಯ ವರ್ಷದಲ್ಲಿ.

ಬಂದವರಿಗೆ ಉತ್ತರ ಕೊಡುವ ಮೊದಲು ತಂದೆಯವರು ನನ್ನನ್ನು ಕೇಳಿದರು: "ಏನವ್ವಾ, ಕೊಟ್ಬಿಡಾನೇನು? ನಿನ್ನ ಎಂ.ಎ. ಖರ್ಚಿಗಾಗ್ತತಿ." ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ಇಳಿಸಿ, ಅದೇ ಗಾಡಿಯಲ್ಲಿ ನನ್ನನ್ನು ಚಿತ್ರದುರ್ಗದ ಬಸ್ಸಿಗೆ ಮುಟ್ಟಿಸಿ ಮೂರು ವರ್ಷ ಓದಿಸಿದವರು ಅವರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ; ಕೊಡಿ ಎನ್ನಲೂ ಬರಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಕಾಯಲು ಬೆಂಗಳೂರಿನವರು ಒಪ್ಪಿದ್ದಾರೆ. ನಾನು ತಂದೆಯವರಲ್ಲಿ ಒಂದೇ ಬೇಡಿಕೆ ಇಟ್ಟಿದ್ದೇನೆ: ಗಾಡಿ ಹೋಗುವುದರೊಳಗೆ ಒಂದು ಸಲ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಮತ್ತೆ ಕೂಡಿಸುವುದನ್ನು ನನಗೆ ಕಲಿಸಬೇಕು. ಅವರು ನಕ್ಕು, "ಕೈ ಕರ್ರಗಾಗ್ತಾವ್ ನೋಡು" ಎಂದರು. ಆಗಲಿ ಎಂದಿದ್ದೇನೆ.