ಅಟ್ಟ ನೋಡದೆ ಬರೆದ ಕೊಟೇಶನ್

ಬ್ಯಾಂಕಿನ ಪ್ರಾದೇಶಿಕ ಕಚೇರಿಯಲ್ಲಿ ವರ್ಗಾವಣೆಯಾದವರ ಸಾಗಣೆ ಬಿಲ್ಲು ಪಾಸು ಮಾಡುವ ಮೇಜು ಬಹಳ ಕಾಲ ನನ್ನದಾಗಿತ್ತು. ನಿವೃತ್ತಳಾದ ಮೇಲೂ ಅದು ನನ್ನ ಬೆನ್ನು ಬಿಟ್ಟಿಲ್ಲ. ನೆಂಟರಲ್ಲಿ ಯಾರೇ ಮನೆ ಬದಲಾಯಿಸಲಿ, ಪ್ಯಾಕರ್ಸ್‌ನವರ ಕೊಟೇಶನ್ ನನ್ನ ವಾಟ್ಸಾಪಿಗೆ ಬಂದು ಬೀಳುತ್ತದೆ.

ಮೊನ್ನೆ ಅಕ್ಕನ ಮಗ ವಿಜಯನಗರದಿಂದ ಹುಬ್ಬಳ್ಳಿಗೆ ಹೊರಟ. ಮೂರು ಕೊಟೇಶನ್ ಕಳಿಸಿದ: 24,000, 31,000, 33,500. ಮನಸ್ಸು ಆಗಲೇ ಮೊದಲನೆಯದಕ್ಕೆ ವಾಲಿತ್ತು.

"ಈ 24,000ದವರ ಕಡೆಯಿಂದ ಸಾಮಾನು ನೋಡೋಕೆ ಯಾರು ಬಂದಿದ್ರೋ?"

"ಯಾರೂ ಇಲ್ಲ ಚಿಕ್ಕಮ್ಮ. ಫೋನಲ್ಲಿ ಕೇಳಿದ್ರು, ಟೂ ಬಿಎಚ್‌ಕೆ ಅಂದೆ."

ಟೂ ಬಿಎಚ್‌ಕೆ ಅಂದರೆ ಎಷ್ಟು ಸಾಮಾನು? ಒಂದು ಮನೆಯಲ್ಲಿ ಎರಡು ಹಾಸಿಗೆ, ಒಂದು ಟಿವಿ. ಇನ್ನೊಂದರಲ್ಲಿ ಅಜ್ಜಿಯ ಕಾಲದ ತೇಗದ ಮಂಚ, ಕಬ್ಬಿಣದ ಬೀರು, ಗ್ರೈಂಡರ್, ಮದುವೆಗೆ ಬಂದು ಇನ್ನೂ ಬಿಚ್ಚದ ಪಾತ್ರೆಗಳ ಪೆಟ್ಟಿಗೆ. ಇವನ ಮನೆ ಎರಡನೆಯ ಜಾತಿಯದು. 31,000 ಹೇಳಿದವರು ಮಾತ್ರ ಹುಡುಗನೊಬ್ಬನನ್ನು ಕಳಿಸಿ, ಏಣಿ ಹಾಕಿಸಿ ಅಟ್ಟ ನೋಡಿದ್ದರು. ಅವರ ಪಟ್ಟಿಯಲ್ಲಿ ಒಂದೊಂದು ಸಾಮಾನೂ ಇತ್ತು, 14 ಅಡಿಯ ಲಾರಿ ಎಂದೂ ಇತ್ತು. ಲಾರಿಯ ಉದ್ದ ಬರೆಯದಿದ್ದರೆ ನಿಮ್ಮ ಸಾಮಾನು ಮೂರು ಮನೆಯವರ ಸಾಮಾನಿನ ಜೊತೆ ಪಾರ್ಟ್ ಲೋಡಿನಲ್ಲಿ ಹೋಗಬಹುದು. ಅದು ಅಗ್ಗ, ತಪ್ಪೂ ಅಲ್ಲ. ಆದರೆ ನಡುವೆ ಗೋದಾಮಿನಲ್ಲಿ ಇಳಿದು ಹತ್ತಿ ನಾಲ್ಕಾರು ದಿನ ತಡವಾಗಿ ಬರುತ್ತದೆಂದು ಮೊದಲೇ ಗೊತ್ತಿರಬೇಕು.

24,000ದ ಕಾಗದವನ್ನು ನನ್ನ ಹಳೆಯ ಚಾಳಿಯಂತೆ ಕೆಳಗಿನ ಸಣ್ಣ ಅಕ್ಷರದಿಂದ ಓದಿದೆ. ಜಿಎಸ್‌ಟಿ ಪ್ರತ್ಯೇಕ. ಪ್ಯಾಕಿಂಗು, ಸಾಗಣೆ ಎಲ್ಲ ಸೇರಿದ ಕೆಲಸಕ್ಕೆ ಸಾಮಾನ್ಯವಾಗಿ ಶೇ. 18 ಹಾಕುತ್ತಾರೆ, ಅಲ್ಲಿಗೆ 4,320 ಏರಿತು. ಲೋಡಿಂಗ್ ಅಂತಿತ್ತು, ಅನ್‌ಲೋಡಿಂಗ್ ಮಾತೇ ಇಲ್ಲ. ಹುಬ್ಬಳ್ಳಿಯ ಮನೆ ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲ; ಮಹಡಿ ಹತ್ತಿಸಲು ಹಮಾಲಿ ಬೇರೆ. ಎಸಿ ಬಿಚ್ಚುವುದು ಬೇರೆ. ಗಲ್ಲಿಗೆ ಲಾರಿ ನುಗ್ಗದಿದ್ದರೆ ಸಣ್ಣ ಗಾಡಿಯ ಬಾಡಿಗೆ ಬೇರೆ. ಇವೆಲ್ಲ ಸೇರಿಸಿಕೊಂಡೇ 31,000 ಹೇಳಿದವರು ದುಬಾರಿಯಾಗಿ ಕಂಡಿದ್ದರು!

33,500ದವರು ಇ-ವೇ ಬಿಲ್ಲಿಗೆಂದು 500 ಹಾಕಿದ್ದರು. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ ಬೇಕಿಲ್ಲ ಎಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ.

ನನಗೆ ಹೆಚ್ಚು ಸಿಟ್ಟು ಬರುವುದು 'ಇನ್ಶೂರೆನ್ಸ್' ಎಂಬ ಸಾಲಿಗೆ. ಸಾಮಾನಿನ ಬೆಲೆ ಐದು ಲಕ್ಷ ಎಂದು ಬರೆಸಿ ಶೇ. 3 ಕೇಳಿದರೆ 15,000 ಆಯಿತು. ಅನೇಕ ಸಲ ಇದು ವಿಮೆಯೇ ಆಗಿರುವುದಿಲ್ಲ. ಈ ವ್ಯವಹಾರದವರು ಎಫ್‌ಓವಿ ಎಂದು ಕರೆಯುವ ಶುಲ್ಕ, ಅವರ ಜೇಬಿಗೇ ಹೋಗುತ್ತದೆ. ವಿಮಾ ಕಂಪನಿಯ ಹೆಸರಿರುವ ಪಾಲಿಸಿಯ ಪ್ರತಿ ಕೇಳಿ, ಉತ್ತರ ತಡವರಿಸಿದರೆ ಗೊತ್ತಾಗುತ್ತದೆ. 2007ರ ರಸ್ತೆ ಸಾಗಣೆ ಕಾಯ್ದೆಯಡಿ ಬಂದ 2011ರ ನಿಯಮಗಳಂತೆ, ಸಾಮಾನು ಹಾಳಾದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದಕ್ಕೂ ಲಾರಿ ರಸೀದಿ, ಅಂದರೆ ಎಲ್‌ಆರ್, ಕೈಯಲ್ಲಿರಬೇಕು. ಬಿಳಿ ಹಾಳೆಯಲ್ಲಿ ಗೀಚಿ ಕೊಟ್ಟ ಚೀಟಿ ಯಾರನ್ನೂ ಕಟ್ಟಿಹಾಕದು.

ಗೆಳತಿಯ ಮಗಳು ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ ಮನೆ ಸಾಗಿಸಿದಾಗ ಅಲ್ಲಿನ ಕಾಗದ ತೋರಿಸಿದಳು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಾಮಾನಿಗೆ ಅಲ್ಲಿ ಅಂದಾಜು ಎರಡು ಬಗೆ. ಒಂದರಲ್ಲಿ ಬರೆದ ಮೊತ್ತಕ್ಕೆ ಕಂಪನಿ ಬದ್ಧ. ಇನ್ನೊಂದರಲ್ಲಿ ಮೊತ್ತ ಏರಬಹುದು, ಆದರೆ ಪಟ್ಟಿಯಲ್ಲಿದ್ದ ಕೆಲಸಕ್ಕೆ ಸಾಮಾನು ಇಳಿಸುವಾಗ ಅಂದಾಜಿನ ಶೇ. 110ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಉಳಿದದ್ದಕ್ಕೆ ಆಮೇಲೆ ಬಿಲ್ಲು. ನನ್ನ ಮೇಜಿಗೆ ಬಂದ ಯಾವ ಕಾಗದದಲ್ಲೂ ಅಂಥ ಮಿತಿ ಕಂಡಿದ್ದಿಲ್ಲ. ಹಾಗಾಗಿ ಅಕ್ಕನ ಮಗನ ಕೈಲಿ ಒಂದು ಸಾಲು ಸೇರಿಸಿದೆ: 'ಈ ಪಟ್ಟಿಯ ಸಾಮಾನಿಗೆ, ಎರಡನೇ ಮಹಡಿಯಲ್ಲಿ ಇಳಿಸುವವರೆಗೆ, ತೆರಿಗೆ ಸೇರಿ ಇಷ್ಟೇ.' 31,000ದವರು ತಕರಾರಿಲ್ಲದೆ ಸಹಿ ಹಾಕಿದರು. 24,000ದವರು ಮತ್ತೆ ಫೋನ್ ಎತ್ತಲಿಲ್ಲ.

ಅಡ್ವಾನ್ಸ್ ಅಷ್ಟಿಷ್ಟು ಕೊಡಿಸಿ, ಉಳಿದದ್ದು ಸಾಮಾನು ಇಳಿದ ಮೇಲೆ ಎಂದು ಮಾತಾಯಿತು. ಪೂರ್ತಿ ಹಣ ಮೊದಲೇ ಹೋದರೆ ಲಾರಿಯೊಳಗಿನ ಸಾಮಾನು ಅವರದು, ಚೌಕಾಶಿಯೂ ಅವರದು. ತೇಗದ ಮಂಚವನ್ನು ಮಾತ್ರ ಅವನು ಕೊನೆಗೆ ಪಟ್ಟಿಯಿಂದ ಹೊಡೆದುಹಾಕಿದ. ಅದು ಈಗ ನಮ್ಮ ಹಾಲಿನಲ್ಲಿದೆ, ಓಡಾಡಲು ಜಾಗವಿಲ್ಲ.