ಎರಕದ ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುವುದು ಹೇಗೆ? ಗ್ಯಾರೇಜಿನಿಂದ ಒಂದು ವಿಜ್ಞಾನ ಪಾಠ

ಹತ್ತನೆಯ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಘಟಕವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳು ಅಲ್ಯೂಮಿನಿಯಂ ಕುರಿತು ಸಾಮಾನ್ಯವಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತಾರೆ. ಗಾಳಿಗೆ ತೆರೆದಾಗ ಅದರ ಮೇಲೆ ಆಕ್ಸೈಡ್ ಪದರ ಉಂಟಾಗುತ್ತದೆ; ಆ ಪದರವೇ ಲೋಹವನ್ನು ಮುಂದಿನ ಸವೆತದಿಂದ ಕಾಪಾಡುತ್ತದೆ. ಎರಡೂ ಸರಿ. ಆದರೆ ಆಳಂದದಂಥ ತಾಲ್ಲೂಕು ಕೇಂದ್ರದಲ್ಲಿ ಈ ಪಾಠ ಕೇಳುವ ಮಕ್ಕಳಲ್ಲಿ ಕೆಲವರ ಮನೆಯವರು ದ್ವಿಚಕ್ರ ವಾಹನಗಳ ಗ್ಯಾರೇಜು ನಡೆಸುತ್ತಾರೆ. ಅಲ್ಯೂಮಿನಿಯಂ ಎಂದರೆ ಅವರಿಗೆ ಪುಸ್ತಕದ ಚಿಹ್ನೆಯಲ್ಲ, ಕೈಯಲ್ಲಿ ಹಿಡಿದ ಎಂಜಿನ್ ಕವರ್.

ಬೋಧನಾಭ್ಯಾಸದ ಅವಧಿಯಲ್ಲಿ ನಾನು ವೀಕ್ಷಿಸಿದ ಒಂದು ಪಾಠದಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಕಪ್ಪು ಹಲಗೆಯ ಮೇಲೆ ‘ಅಲ್ಯೂಮಿನಿಯಂಗೆ ಬಣ್ಣದ ಅಗತ್ಯವಿಲ್ಲ’ ಎಂದು ಬರೆದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸರ್, ನಮ್ಮ ಗ್ಯಾರೇಜ್‌ದಾಗ ಹಚ್ತಾರ್ರಿ. ಆದ್ರ ತೊಳೀದೆ ಹಚ್ಚಿದ್ರ ನಿಲ್ಲಂಗಿಲ್ರಿ, ಸುಲಿತದ” ಎಂದ. ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಹುಡುಗ ಕುಳಿತುಕೊಂಡ. ಅವನ ಮಾತಿನಲ್ಲಿ ಆ ಘಟಕದ ಅರ್ಧದಷ್ಟು ರಸಾಯನಶಾಸ್ತ್ರವಿತ್ತು. ಅದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಬಣ್ಣ ಏಕೆ ಬೇಕು?

ಎಂಜಿನ್ ಕವರಿನ ಲೋಹ ಶುದ್ಧ ಅಲ್ಯೂಮಿನಿಯಂ ಅಲ್ಲ, ಮಿಶ್ರಲೋಹ. ಅಚ್ಚಿನೊಳಗೆ ಸುಲಭವಾಗಿ ಹರಿದು ತುಂಬಿಕೊಳ್ಳಲಿ ಎಂದು ಸಿಲಿಕಾನ್ ಸೇರಿಸುತ್ತಾರೆ. ವಾಹನಗಳ ಬಿಡಿಭಾಗಗಳಿಗೆ ಹೆಚ್ಚಾಗಿ ಬಳಸುವ ಎಡಿಸಿ 12 ಎಂಬ ಮಿಶ್ರಲೋಹದಲ್ಲಿ ಸುಮಾರು 10ರಿಂದ 12 ಶೇಕಡಾ ಸಿಲಿಕಾನ್, ಜೊತೆಗೆ ಸ್ವಲ್ಪ ತಾಮ್ರ ಇರುತ್ತದೆ. ತಾಮ್ರ ಬೆರೆತ ಅಲ್ಯೂಮಿನಿಯಂನ ಸವೆತ ನಿರೋಧಕ ಶಕ್ತಿ ಕಡಿಮೆ. ಉಪ್ಪಿನಂಶದ ತೇವ, ಬ್ಯಾಟರಿಯ ಆಮ್ಲ, ಮೆತ್ತಿಕೊಂಡ ಕೆಸರು ಇವು ಅಲ್ಲಲ್ಲಿ ಸಣ್ಣ ಗುಳಿಗಳನ್ನು ಮಾಡುತ್ತವೆ. ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ‘ಅಗತ್ಯವಿಲ್ಲ’ ಎಂಬ ಸಾಮಾನ್ಯೀಕರಣ ಇಲ್ಲಿ ನಿಲ್ಲುವುದಿಲ್ಲ.

ಬಣ್ಣ ಏಕೆ ಸುಲಿಯುತ್ತದೆ?

ಮೊದಲನೆಯ ಕಾರಣ ಜಿಡ್ಡು. ಎರಕದ ಲೋಹದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿರುತ್ತವೆ. ಎಂಜಿನ್ ಆಯಿಲ್ ಅವುಗಳೊಳಗೆ ಇಳಿದು ಕೂತಿರುತ್ತದೆ. ಮೇಲೆ ಒರೆಸಿದರೂ, ಬಿಸಿಯಾದಾಗ ಹೊರಕ್ಕೆ ಬೆವರುತ್ತದೆ. ಹಾಗಾಗಿ ಅನುಭವಸ್ಥರು ಭಾಗವನ್ನು ತೊಳೆದು, ಬಿಸಿ ಮಾಡಿ, ಮತ್ತೆ ಒರೆಸುತ್ತಾರೆ. ಪುಡಿ ಬಣ್ಣವನ್ನು ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುವ ಕಡೆ ಈ ಹೆಜ್ಜೆ ಬಿಟ್ಟರೆ, ಒಳಗಿನ ಅನಿಲ ಹೊರಬಂದು ಬಣ್ಣದ ತುಂಬ ಸೂಜಿರಂಧ್ರ ಬೀಳುತ್ತವೆ.

ಎರಡನೆಯ ಕಾರಣ ಹಳೆಯ ಆಕ್ಸೈಡ್. ‘ಆಕ್ಸೈಡ್ ಪದರ ತೆಗೆದರೆ ಬಣ್ಣ ಹಿಡಿಯುತ್ತದೆ’ ಎಂದು ಹೇಳುವುದುಂಟು. ಇದನ್ನು ಸ್ವಲ್ಪ ತಿದ್ದಿ ಕಲಿಸಬೇಕು. ಉಜ್ಜಿ ತೆಗೆದ ಕ್ಷಣವೇ ಗಾಳಿಯ ಆಮ್ಲಜನಕದಿಂದ ಕೆಲವೇ ನ್ಯಾನೊಮೀಟರ್ ದಪ್ಪದ ಹೊಸ ಪದರ ಮೂಡುತ್ತದೆ. ಹೊಸ ಪದರ ತೆಳು, ಶುದ್ಧ, ಲೋಹಕ್ಕೆ ಬಿಗಿಯಾಗಿ ಅಂಟಿರುವಂಥದು. ಹಳೆಯದು ತೇವ ಮತ್ತು ಕೊಳೆಯನ್ನು ಹಿಡಿದುಕೊಂಡು ಸಡಿಲವಾಗಿರುತ್ತದೆ. ಆದ್ದರಿಂದ ಉಜ್ಜಿದ ದಿನವೇ, ಸಾಧ್ಯವಾದರೆ ಕೆಲವು ಗಂಟೆಗಳೊಳಗೆ, ಪ್ರೈಮರ್ ಬೀಳಬೇಕು.

ಮೂರನೆಯ ಕಾರಣ ನುಣುಪು. ಉಪ್ಪುಕಾಗದದ ಗೀರುಗಳು ಬಣ್ಣಕ್ಕೆ ಹಿಡಿತ ಕೊಡುತ್ತವೆ. ಕಬ್ಬಿಣದ ತಂತಿಯ ಬ್ರಷ್ ಬೇಡ. ಅದರ ಕಣಗಳು ಮೆತು ಲೋಹದಲ್ಲಿ ಸಿಕ್ಕಿಕೊಂಡು ಮುಂದೆ ತುಕ್ಕು ಹಿಡಿಯುತ್ತವೆ.

ಇಲ್ಲಿ ಕ್ರಮವೂ ಮುಖ್ಯ. ಮೊದಲು ತೊಳೆಯುವುದು, ಆಮೇಲೆ ಉಜ್ಜುವುದು. ತಿರುಗಿಸಿ ಮಾಡಿದರೆ ಜಿಡ್ಡನ್ನು ಗೀರುಗಳೊಳಕ್ಕೆ ನಾವೇ ತುರುಕಿದಂತೆ. ಉಜ್ಜಿದ ಮೇಲೆ ಧೂಳು ಹೋಗುವಂತೆ ಮತ್ತೊಮ್ಮೆ ಒರೆಸಬೇಕು. ಕೊನೆಗೆ ಎಚ್ ಪ್ರೈಮರ್. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಮೇಲ್ಮೈಯನ್ನು ತುಸು ಕೊರೆದು, ಲೋಹಕ್ಕೂ ಬಣ್ಣಕ್ಕೂ ನಡುವೆ ಬಂಧ ಬೆಸೆಯುತ್ತದೆ. ಎಂಜಿನ್ ಬಿಸಿಯಾಗುವ ಭಾಗವಾದ್ದರಿಂದ ಮೇಲಿನ ಬಣ್ಣ ಶಾಖ ತಡೆಯುವಂಥದಾಗಿರಬೇಕು.

ತರಗತಿಗೆ ಎರಡು ಚಟುವಟಿಕೆ

ಮೊದಲನೆಯದಕ್ಕೆ ಖರ್ಚಿಲ್ಲ. ಅಲ್ಯೂಮಿನಿಯಂನ ಎರಡು ತುಂಡುಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ಒಂದಕ್ಕೆ ಮಾತ್ರ ಬೆರಳಿನಿಂದ ಎಣ್ಣೆ ಸವರಿ, ಎರಡರ ಮೇಲೂ ನೀರು ಸುರಿಯಿರಿ. ಶುಚಿಯಾದ ತುಂಡಿನ ಮೇಲೆ ನೀರು ಒಂದೇ ಹಾಳೆಯಂತೆ ಹರಡುತ್ತದೆ. ಜಿಡ್ಡಿನ ಮೇಲೆ ಹನಿಹನಿಯಾಗಿ ಒಡೆಯುತ್ತದೆ. ಬಣ್ಣ ಹಚ್ಚುವ ವೃತ್ತಿಯಲ್ಲಿ ಶುಚಿತ್ವ ನೋಡಲು ಬಳಸುವ ಪರೀಕ್ಷೆಯೇ ಇದು.

ಎರಡನೆಯದು ನಿಯಂತ್ರಿತ ಪ್ರಯೋಗ. ಗುಜರಿಯಿಂದ ಒಡೆದ ಒಂದು ಎಂಜಿನ್ ಕವರ್ ತಂದು ನಾಲ್ಕು ತುಂಡು ಮಾಡಿಸಿ. ಒಂದೇ ಕವರ್ ಆಗಿರಬೇಕು; ಆಗಲೇ ಮಿಶ್ರಲೋಹ ಒಂದೇ ಎಂದು ಹೇಳಲು ಬರುತ್ತದೆ. ಮೊದಲ ತುಂಡಿಗೆ ಯಾವ ಸಿದ್ಧತೆಯೂ ಬೇಡ. ಎರಡನೆಯದನ್ನು ತೊಳೆಯಿರಿ. ಮೂರನೆಯದನ್ನು ತೊಳೆದು ಉಜ್ಜಿ. ನಾಲ್ಕನೆಯದನ್ನು ತೊಳೆದು, ಉಜ್ಜಿ, ಪ್ರೈಮರ್ ಹಚ್ಚಿಸಿ. ನಾಲ್ಕಕ್ಕೂ ಒಂದೇ ಡಬ್ಬಿಯ ಬಣ್ಣ ಬೀಳಲಿ. ಒಂದು ವಾರ ನೆರಳಿನಲ್ಲಿ ಒಣಗಿದ ಮೇಲೆ ಶಿಕ್ಷಕರು ಬ್ಲೇಡಿನಿಂದ ಅಡ್ಡ ಆರು, ಉದ್ದ ಆರು ಗೀರು ಎಳೆದರೆ 25 ಚೌಕಗಳಾಗುತ್ತವೆ. ಅಂಟುಪಟ್ಟಿ ಒತ್ತಿ ಎಳೆದು, ಕಿತ್ತುಬಂದ ಚೌಕಗಳನ್ನು ಮಕ್ಕಳು ಎಣಿಸಲಿ. ಐಎಸ್‌ಒ 2409 ಎಂಬ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯ ಸರಳ ರೂಪವಿದು. ಪ್ರತಿ ತುಂಡಿಗೂ ಒಂದೇ ಹೆಜ್ಜೆ ಹೆಚ್ಚು. ಹೀಗಾಗಿ ‘ಚರಾಂಶ’ ಎಂಬ ಪದವನ್ನು ಬೇರೆಯಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ.

ಎಚ್ಚರಿಕೆಗಳು

ಪ್ರೈಮರ್ ಮತ್ತು ಬಣ್ಣದ ಕೆಲಸ ತರಗತಿಯಲ್ಲಿ ಬೇಡ. ಬಯಲಿನಲ್ಲಿ, ಕೈಗವಸು ಮತ್ತು ಮುಖಗವಸು ತೊಟ್ಟ ದೊಡ್ಡವರು ಮಾಡಲಿ. ಹಳೆಯ ಮಾದರಿಯ ಕೆಲವು ಪ್ರೈಮರ್‌ಗಳಲ್ಲಿ ಸತುವಿನ ಕ್ರೋಮೇಟ್ ಇರುತ್ತದೆ, ಅದು ಕ್ಯಾನ್ಸರ್‌ಕಾರಕ. ಡಬ್ಬಿಯ ಮೇಲಿನ ವಿವರ ಓದಿಯೇ ಕೊಳ್ಳಬೇಕು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಥಿನ್ನರಿನಿಂದ ಕೈ ತೊಳೆಯಬಾರದು. ಕಾಸ್ಟಿಕ್ ಸೋಡಾದಿಂದ ಭಾಗ ತೊಳೆಯಲೇಬಾರದು. ಅದು ಆಕ್ಸೈಡನ್ನೂ ಲೋಹವನ್ನೂ ಕರಗಿಸಿ, ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವ ಬೆಳಗಾವಿಯ ಹಿಂಡಾಲ್ಕೊದಂಥ ಕಾರ್ಖಾನೆಗಳು ನೆಚ್ಚಿಕೊಂಡಿರುವುದು ಆಕ್ಸೈಡನ್ನು ಕರಗಿಸುವ ಇದೇ ಗುಣವನ್ನು. ‘ಉಭಯಧರ್ಮಿ ಆಕ್ಸೈಡ್’ ಎಂಬ ಪರಿಕಲ್ಪನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಭಾಗದಲ್ಲಿ ಸಿಗಲಾರದು.

ಈ ಎಚ್ಚರಿಕೆಗಳನ್ನು ಕೊನೆಯ ಎರಡು ನಿಮಿಷಕ್ಕೆ ತಳ್ಳಬೇಡಿ. ಹತ್ತನೆಯ ತರಗತಿ ಮುಗಿಸಿ ನೇರ ಗ್ಯಾರೇಜಿಗೆ ಹೋಗುವ ಹುಡುಗನಿಗೆ ಅವನ ಶ್ವಾಸಕೋಶದ ಬಗ್ಗೆ ಶಾಲೆಯಲ್ಲಿ ಯಾರಾದರೂ ಹೇಳುವ ಕೊನೆಯ ಅವಕಾಶ ಇದೇ ಆಗಿರಬಹುದು.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಕಲಂ ತುಂಬುವಾಗ ಹಿಂದಿನ ತರಗತಿಯ ಪಠ್ಯವನ್ನಷ್ಟೇ ನೆನೆಯಬೇಡಿ. ತರಗತಿಯ ಮಕ್ಕಳ ಮನೆಯವರು ಯಾವ ಕೆಲಸ ಮಾಡುತ್ತಾರೆಂದು ಕೇಳಿ ಬರೆದುಕೊಳ್ಳಿ. ಗ್ಯಾರೇಜಿನ ಹುಡುಗ ‘ಏನು’ ನಡೆಯುತ್ತದೆಂದು ಬಲ್ಲ. ‘ಏಕೆ’ ಎಂಬುದನ್ನು ಅವನೊಡನೆ ಕೂಡಿ ಹುಡುಕುವುದು ನಮ್ಮ ಪಾಲಿನ ಕೆಲಸ. ಮೌಲ್ಯಮಾಪನಕ್ಕೆ ಈ ಪ್ರಶ್ನೆ ಸಾಕು: ‘ಕಬ್ಬಿಣದ ಗೇಟಿಗೂ ಎಂಜಿನ್ ಕವರಿಗೂ ಬಣ್ಣ ಹಚ್ಚುವ ಮುನ್ನ ಮಾಡುವ ಸಿದ್ಧತೆಯಲ್ಲಿ ಯಾವುದು ಸಮಾನ, ಯಾವುದು ಭಿನ್ನ? ಕಾರಣ ಕೊಡಿ.’