ಬಿರುಕು ಬಿಟ್ಟ ಬಂದೂಕಿಗೆ ವೆಲ್ಡಿಂಗ್: ಬೆಸುಗೆ ನಿಲ್ಲುತ್ತೆ, ಪಕ್ಕದ ಲೋಹದ ಕಥೆ ಏನು?

ಅಮೆರಿಕದ ಜನಪ್ರಿಯ ರೈಫಲ್ ಎಆರ್-15ರ ನಳಿಗೆ ಉಕ್ಕಿನದ್ದು, ಆದರೆ ದೇಹ ಅಲ್ಯೂಮಿನಿಯಂನದ್ದು. ಆ ದೇಹಕ್ಕೆ ರಿಸೀವರ್ ಅಂತಾರೆ. ಮೇಲಿನದ್ದು, ಕೆಳಗಿನದ್ದು ಎಂದು ಎರಡು ಭಾಗ. ಬಂದೂಕು ಕೈಜಾರಿ ಬಿದ್ದೋ, ಪಿನ್ ಕೂರಿಸುವಾಗ ಸುತ್ತಿಗೆ ಏಟು ಜೋರಾಗಿಯೋ ಅದು ಬಿರುಕು ಬಿಡುವುದುಂಟು. ಅಲ್ಲಿರುವ ನನ್ನ ಕಾಲೇಜು ಗೆಳೆಯ ಮೊನ್ನೆ ಕೇಳಿದ: "ವೆಲ್ಡಿಂಗ್ ಮಾಡಿಸಿದ್ರೆ ಆಗಲ್ವೇನೋ?" ಬಂದೂಕಿನ ಮೇಲೆ ನನಗೆ ಮೋಹವಿಲ್ಲ. ಆದರೆ ಪ್ರಶ್ನೆ ಲೋಹದ್ದು, ಅದಕ್ಕೇ ಬರೀತಿದ್ದೀನಿ.

ಅಲ್ಯೂಮಿನಿಯಂ ಅಂದ್ರೆ ನಮಗೆ ನೆನಪಾಗೋದು ಅಡುಗೆಮನೆಯ ಪಾತ್ರೆ. ರಿಸೀವರ್‌ಗೆ ಸಾಮಾನ್ಯವಾಗಿ ಬಳಸೋದು ಸತು, ಮೆಗ್ನೀಸಿಯಂ, ತಾಮ್ರ ಸೇರಿದ 7075 ಎಂಬ ಮಿಶ್ರಲೋಹ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಝೀರೋ ವಿಮಾನಗಳಿಗೆ ಹೋಗಿದ್ದೂ ಇದೇ ಜಾತಿಯದ್ದು. ಇದರ ಬಲ ಬರೀ ಬೆರಕೆಯಿಂದ ಬಂದದ್ದಲ್ಲ. ಸುಮಾರು 480 ಡಿಗ್ರಿಗೆ ಕಾಯಿಸಿ, ತಕ್ಷಣ ತಣಿಸಿ, ಮತ್ತೆ 120 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಒಂದು ದಿನ ಇಟ್ಟಾಗ ಒಳಗೆ ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಲೋಹ ಬಾಗದಂತೆ ಹಿಡಿದು ನಿಲ್ಲಿಸೋದು ಅವೇ. ಈ ಹದಕ್ಕೆ ಟಿ6 ಅಂತ ಹೆಸರು. ಆಗ ಅದರ ಬಲ ಸುಮಾರು 570 ಮೆಗಾಪಾಸ್ಕಲ್, ಅಂದ್ರೆ ಕಿಟಕಿ ಸರಳಿನ ಸಾಮಾನ್ಯ ಉಕ್ಕಿಗಿಂತ ಹೆಚ್ಚು.

ವೆಲ್ಡಿಂಗ್ ಜ್ವಾಲೆ ತಾಗಿದ ಕೂಡಲೇ ಈ ಹದ ಕೆಡುತ್ತೆ. ಕರಗಿದ ಜಾಗದಲ್ಲಿ ಮಾತ್ರ ಅಲ್ಲ, ಅಕ್ಕಪಕ್ಕದಲ್ಲೂ. ವೆಲ್ಡಿಂಗ್‌ಗೆ ಒಗ್ಗುವ 6061 ಎಂಬ ಸಾಧು ಮಿಶ್ರಲೋಹವೇ ಸುಮಾರು 310ರಿಂದ 165 ಮೆಗಾಪಾಸ್ಕಲ್ ಮಟ್ಟಕ್ಕೆ ಇಳಿದುಬಿಡುತ್ತೆ. ಕಾಲೇಜಿನ ಲ್ಯಾಬಿನಲ್ಲಿ ಇಂಥ ತುಂಡನ್ನು ಎಳೆದು ನೋಡಿದಾಗ ಅದು ತುಂಡಾಗಿದ್ದು ಬೆಸುಗೆಯಲ್ಲಿ ಅಲ್ಲ, ಅದರ ಪಕ್ಕದಲ್ಲಿ. ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

7075 ಇದಕ್ಕಿಂತ ಹಠಮಾರಿ. ಕರಗಿದ್ದು ಗಟ್ಟಿಯಾಗುವಾಗಲೇ ಸೀಳಿಬಿಡುತ್ತೆ. ಹಾಗಾಗಿ ಮಾಮೂಲಿ ಆರ್ಕ್ ವೆಲ್ಡಿಂಗ್‌ಗೆ ಇದು ಆಗದ ಲೋಹ ಅಂತಲೇ ನಮಗೆ ಪಾಠ ಮಾಡಿದ್ದು. 2019ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟೈಟಾನಿಯಂ ಕಾರ್ಬೈಡ್‌ನ ನ್ಯಾನೋ ಕಣ ಬೆರೆಸಿದ ಕಡ್ಡಿ ಬಳಸಿ ಇದನ್ನೂ ಬೆಸೆದು ತೋರಿಸಿದರು. ಜೋಡಣೆ 392 ಮೆಗಾಪಾಸ್ಕಲ್‌ವರೆಗೆ ತಡೆಯಿತು. ದೊಡ್ಡ ಸಾಧನೆಯೇ. ಆದರೂ ಮೂಲ ಬಲ ಬರಲಿಲ್ಲ ನೋಡಿ.

ಹಾಗಾದ್ರೆ ಮತ್ತೆ ಕಾಯಿಸಿ ಹದ ಮಾಡಬಹುದಲ್ಲ? ಮಾಡಬಹುದು. ಆದರೆ ತಣಿಸುವಾಗ ಭಾಗ ತಿರುಚಿಕೊಳ್ಳುತ್ತೆ, ಟ್ರಿಗರ್ ಪಿನ್‌ಗಳ ತೂತುಗಳು ಸಾಲು ತಪ್ಪುತ್ತವೆ. ಮೇಲಿನ ಆನೋಡೈಸಿಂಗ್ ಕೆರೆದು ತೆಗೆದು ಮತ್ತೆ ಮಾಡಿಸಬೇಕು. ಬರಿಯ ಹೊಸ ಕೆಳ ರಿಸೀವರ್ ಅಲ್ಲಿ ನೂರು ಡಾಲರ್‌ನ ಒಳಗೂ ಸಿಗುತ್ತೆ. ಲೆಕ್ಕ ಅಲ್ಲಿಗೇ ಮುಗೀತು.

ಆದರೆ ಬಿರುಕು ಎಲ್ಲಿದೆ ಅನ್ನೋದನ್ನೂ ನೋಡಬೇಕು. ಗುಂಡು ಹಾರುವಾಗ ಒಳಗಿನ ಒತ್ತಡ ಚದರ ಇಂಚಿಗೆ 50 ಸಾವಿರ ಪೌಂಡ್ ಆಸುಪಾಸು. ಕಾರಿನ ಟೈರಿನಲ್ಲಿ ಇರೋದು ಮೂವತ್ತು ಚಿಲ್ಲರೆ. ಅದನ್ನು ಹೊರೋದು ಉಕ್ಕಿನ ಬೋಲ್ಟ್ ಮತ್ತು ನಳಿಗೆ. ಹಾಗಾಗಿ ಟ್ರಿಗರ್ ಗಾರ್ಡ್ ಹಿಡಿಯುವ ಪುಟ್ಟ ಕಿವಿ ಮುರಿದರೆ ಅನಾಹುತವೇನಿಲ್ಲ. ಹಿಂದೆ ಬಫರ್ ಟ್ಯೂಬ್ ತಿರುಚಿ ಕೂರುವ ಬಳೆ ಬೇರೆ ಮಾತು. ಪ್ರತಿ ಗುಂಡಿನ ಒದೆತವನ್ನು ಹಿಂಬದಿಗೆ ದಾಟಿಸುವುದು ಅದು. ಉಕ್ಕಿನಲ್ಲಾದರೆ ಒಂದು ಮಿತಿಯೊಳಗಿನ ಹೊರೆ ಎಷ್ಟು ಸಲ ಬಿದ್ದರೂ ನಡೆಯುತ್ತೆ. ಅಲ್ಯೂಮಿನಿಯಂಗೆ ಆ ಸುರಕ್ಷಿತ ಮಿತಿಯೇ ಇಲ್ಲ, ಸಣ್ಣ ಹೊರೆಯೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತೆ. ಮೆತ್ತಗಾದ ಬಳೆಗೆ ಬೆಸುಗೆ ಹಾಕಿ ಭುಜಕ್ಕೆ ಒತ್ತಿಕೊಳ್ಳೋದನ್ನು ನಾನಂತೂ ಒಪ್ಪಲ್ಲ.

ರಿಪೇರಿಗೆ ಅರ್ಥ ಬರೋದು ಒಂದೇ ಕಡೆ. ಅಲ್ಲಿ ಖಾಸಗಿ ವ್ಯಕ್ತಿಗಳು ಮಷೀನ್ ಗನ್ ಇಟ್ಟುಕೊಳ್ಳಬೇಕಾದರೆ ಅದು 1986ರ ಮೇ 19ಕ್ಕೆ ಮುಂಚೆ ಕಾನೂನುಬದ್ಧವಾಗಿ ನೋಂದಣಿಯಾಗಿರಬೇಕು. ಹೊಸದು ಬರುವ ಹಾಗಿಲ್ಲ. ಹಾಗಾಗಿ ಹಳೆಯ ಎಂ-16 ರಿಸೀವರ್ ಹತ್ತಾರು ಸಾವಿರ ಡಾಲರ್ ಬಾಳುತ್ತೆ, ಮಾಲೀಕ ಎಷ್ಟು ಖರ್ಚಾದರೂ ನುರಿತ ವೆಲ್ಡರ್‌ನ ಬಳಿ ಹೋಗ್ತಾನೆ. ಲೋಹ ಅದೇ, ಬೆಲೆ ಕಟ್ಟಿದ್ದು ಕಾನೂನು.

ನನಗೆ ನಿಜವಾಗಿ ಭಯ ಇರೋದು ಸೆಕೆಂಡ್ ಹ್ಯಾಂಡ್ ಮಾರಾಟದ ಬಗ್ಗೆ. ಬೆಸುಗೆ ಉಜ್ಜಿ ನುಣುಪು ಮಾಡಿ ಬಣ್ಣ ಹೊಡೆದರೆ ಕೊಳ್ಳುವವನಿಗೆ ಗೊತ್ತಾಗೋದೇ ಇಲ್ಲ. ಬಿರುಕನ್ನು ಹುಡುಕುವ ಬಣ್ಣದ ದ್ರವವೂ ಮೆತ್ತಗಾದ ಲೋಹವನ್ನು ಹಿಡಿಯಲಾರದು, ಅದಕ್ಕೆ ಗಡಸುತನ ಅಳೆಯುವ ಯಂತ್ರವೇ ಬೇಕು. ಗೆಳೆಯನ ಫೋಟೋದಲ್ಲಿ ಬಿರುಕು ಇದ್ದದ್ದು ಹಿಂದಿನ ಬಳೆಯಲ್ಲಿ. ಬೆಸೆಯಬೇಡ, ಯಾರಿಗೂ ಮಾರಲೂ ಬೇಡ, ಹೊಸದು ತಗೋ ಅಂದೆ.